ಕರ್ಬಿಶ್ಲಿ ಹೋಗಿದ್ದು ತಪ್ಪಾ, ಆಮೇಲೆ ನಡೆದದ್ದು ತಪ್ಪಾ? ಚಾರ್ಲ್ಟನ್ 2006: ಅಧ್ಯಯನ ಟಿಪ್ಪಣಿ

ದಾವಣಗೆರೆಯಲ್ಲಿ ನನ್ನ ಜೊತೆ ಕ್ರೀಡಾ ನಿರ್ವಹಣೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಕ್ಲಬ್ ಅಧ್ಯಕ್ಷರ ತೀರ್ಮಾನಗಳನ್ನು ವಿಮರ್ಶಿಸಿ ಅಂತ ಪ್ರಶ್ನೆ ಬಂದರೆ ಒಂದು ಸಿದ್ಧ ಉತ್ತರ ಇದೆ. ಹಳೇ ಮ್ಯಾನೇಜರ್ ಹೋದರು, ತಂಡ ಕೆಳಗಿಳಿಯಿತು, ಹಾಗಾಗಿ ಅವರನ್ನು ಬಿಟ್ಟಿದ್ದೇ ತಪ್ಪು. ಓದಲಿಕ್ಕೆ ಸರಿಯಾಗೇ ಕಾಣುತ್ತೆ. ಆದರೆ ಇದರಲ್ಲಿ ಮೂರು ನಾಲ್ಕು ಬೇರೆ ಬೇರೆ ತೀರ್ಮಾನಗಳು ಒಂದೇ ಗಂಟಾಗಿ ಕೂತಿರುತ್ತವೆ. ಆ ಗಂಟು ಬಿಚ್ಚುವುದನ್ನು ಕಲಿಯಲು ಲಂಡನ್ನಿನ ಚಾರ್ಲ್ಟನ್ ಅಥ್ಲೆಟಿಕ್ ಫುಟ್‌ಬಾಲ್ ಕ್ಲಬ್ಬಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹದಿನೈದು ವರ್ಷ ಮ್ಯಾನೇಜರ್ ಆಗಿದ್ದ ಆಲನ್ ಕರ್ಬಿಶ್ಲಿ 2006ರಲ್ಲಿ ಹೋದರು, ಮುಂದಿನ ಸೀಸನ್‌ನಲ್ಲೇ ತಂಡ ಕೆಳಗಿನ ಹಂತಕ್ಕೆ ಇಳಿಯಿತು.

ಮೊದಲು ಯಾರ ಕೈಯಲ್ಲಿ ಏನಿದೆ ಅಂತ ತಿಳಿದಿರಲಿ. ನಮ್ಮ ಕ್ರಿಕೆಟ್ ತಂಡದ ಮ್ಯಾನೇಜರ್ ಪ್ರಯಾಣ, ಹೋಟೆಲ್ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾನೇಜರ್ ಹಾಗಲ್ಲ. ಹನ್ನೊಂದು ಜನರನ್ನು ಆರಿಸುವುದು, ಅಭ್ಯಾಸ ಮಾಡಿಸುವುದು, ಯಾವ ಆಟಗಾರ ಬೇಕು ಅಂತ ಹೇಳುವುದು ಎಲ್ಲ ಅವರದೇ. ಅಧ್ಯಕ್ಷರ ಕೈಯಲ್ಲಿ ಇರುವುದು ದುಡ್ಡು ಮತ್ತು ನೇಮಕ. ಅಂದರೆ ಸೋಲು ಗೆಲುವಿಗೆ ಮೈದಾನದ ಪಕ್ಕ ನಿಂತವರು ಉತ್ತರ ಕೊಡಬೇಕು. ಅವರನ್ನು ಅಲ್ಲಿ ನಿಲ್ಲಿಸಿದವರು ಮಾತ್ರ ಮೇಲಿನ ಕುರ್ಚಿಯಲ್ಲಿ ಇರುತ್ತಾರೆ. ಜಗಳ ಶುರುವಾಗುವುದೇ ಇಲ್ಲಿಂದ.

ಹಿನ್ನೆಲೆ

ಚಾರ್ಲ್ಟನ್ ಅಭಿಮಾನಿಗಳು ಅಧ್ಯಕ್ಷರನ್ನು ಅಷ್ಟು ಧೈರ್ಯವಾಗಿ ಪ್ರಶ್ನಿಸುವುದಕ್ಕೆ ಕಾರಣ ಇದೆ. 1985ರಲ್ಲಿ ಕ್ಲಬ್ ತನ್ನ ಸ್ವಂತ ಮೈದಾನ 'ದಿ ವ್ಯಾಲಿ' ಬಿಟ್ಟು ಬೇರೆಯವರ ಮೈದಾನದಲ್ಲಿ ಆಡಬೇಕಾಯಿತು. ವಾಪಸ್ ಬರುವ ಯೋಜನೆಗೆ ಗ್ರೀನಿಚ್ ಸ್ಥಳೀಯ ಆಡಳಿತ ಒಪ್ಪಲಿಲ್ಲ. ಅಭಿಮಾನಿಗಳು ಸುಮ್ನೆ ಕೂರಲಿಲ್ಲ. 'ವ್ಯಾಲಿ ಪಾರ್ಟಿ' ಅಂತ ಪಕ್ಷವನ್ನೇ ಕಟ್ಟಿ 1990ರ ಸ್ಥಳೀಯ ಚುನಾವಣೆಗೆ ನಿಂತರು. 14,838 ಮತ ಬಂತು, ಹೆಚ್ಚುಕಡಿಮೆ ಶೇಕಡಾ 11. ಒಂದು ಸೀಟೂ ಗೆಲ್ಲದಿದ್ದರೂ ಆಡಳಿತ ಬಗ್ಗಿತು. 1992ರ ಡಿಸೆಂಬರ್‌ನಲ್ಲಿ ತಂಡ ತನ್ನ ಮನೆಗೆ ಮರಳಿತು. ಮೈದಾನವನ್ನೇ ವಾಪಸ್ ತಂದವರು 'ಮ್ಯಾನೇಜರ್ ವಿಷಯ ನಿಮಗ್ಯಾಕೆ' ಅಂತ ಹೇಳಿಸಿಕೊಳ್ಳುತ್ತಾರಾ?

ಆಲನ್ ಕರ್ಬಿಶ್ಲಿ 1991ರಲ್ಲಿ ಸ್ಟೀವ್ ಗ್ರಿಟ್ ಜೊತೆ ಜಂಟಿ ಮ್ಯಾನೇಜರ್ ಆದರು. 1995ರಲ್ಲಿ ರಿಚರ್ಡ್ ಮರ್ರೆ ಅಧ್ಯಕ್ಷರಾದಾಗ ಇಬ್ಬರು ಬೇಡ, ಒಬ್ಬರೇ ಸಾಕು ಅಂತ ಕರ್ಬಿಶ್ಲಿಯನ್ನು ಉಳಿಸಿಕೊಂಡರು. ಇದನ್ನು ಬರೆದಿಟ್ಟುಕೊಳ್ಳಿ. ಅದೇ ಮರ್ರೆ ಹನ್ನೊಂದು ವರ್ಷದ ನಂತರ ಬೈಗುಳ ತಿಂದವರು. ಈ ಮೊದಲ ತೀರ್ಮಾನದ ಫಲ ಏನು? 1998ರಲ್ಲಿ ಇಂಗ್ಲೆಂಡಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗ್ (20 ತಂಡ, ಪ್ರತಿ ಸೀಸನ್ ಕೊನೆಯ ಮೂರು ಕೆಳಕ್ಕೆ), 1999ರಲ್ಲಿ ಕೆಳಕ್ಕೆ, 2000ದಲ್ಲಿ ಎರಡನೇ ಹಂತದ ಚಾಂಪಿಯನ್ ಆಗಿ ಮತ್ತೆ ಮೇಲಕ್ಕೆ. ಅಲ್ಲಿಂದ ಆರು ಸೀಸನ್ ತಂಡ ಮೇಲೇ ಉಳಿಯಿತು. ಸ್ಥಾನಗಳು ಕ್ರಮವಾಗಿ 9, 14, 12, 7, 11, 13.

ಈ ಸಾಲನ್ನು ಇಬ್ಬರು ಅಭಿಮಾನಿಗಳು ಎರಡು ಥರ ಓದುತ್ತಾರೆ. ಒಬ್ಬರಿಗೆ ಇದು ಪವಾಡ. ಸಣ್ಣ ಕ್ಲಬ್, ಸಣ್ಣ ಬಜೆಟ್, ಆರು ವರ್ಷ ಭಯವಿಲ್ಲ. ಇನ್ನೊಬ್ಬರಿಗೆ ಇದು ನಿಂತ ನೀರು. ಬೇಸಿಗೆ ಹತ್ತಿರ ಬಂದು, ಸುರಕ್ಷಿತವಾಗುವಷ್ಟು ಅಂಕ ಕೂಡಿದ ಮೇಲೆ ತಂಡ ಸುಸ್ತಾಗುತ್ತಿತ್ತು ಅನ್ನುವುದು ಅವರ ದೂರು. 2004ರ ಜನವರಿಯಲ್ಲಿ ನಾಲ್ಕನೇ ಸ್ಥಾನದ ಆಸುಪಾಸಿನಲ್ಲಿ ಇದ್ದಾಗಲೇ ಸ್ಕಾಟ್ ಪಾರ್ಕರ್ 1 ಕೋಟಿ ಪೌಂಡಿಗೆ ಚೆಲ್ಸಿ ಸೇರಿದರು. ಆ ಸೀಸನ್ ಏಳನೇ ಸ್ಥಾನದಲ್ಲಿ ಮುಗಿಯಿತು. ಪಾರ್ಕರ್ ಉಳಿದಿದ್ದರೆ ಅನ್ನುವ ಕೊರಗು ಇಂದಿಗೂ ಕೇಳಿಬರುತ್ತದೆ.

2006ರಲ್ಲಿ ಏನಾಯಿತು

ಏಪ್ರಿಲ್ 29, 2006. ಸೀಸನ್ನಿನಲ್ಲಿ ಸ್ವಂತ ಮೈದಾನದ ಕೊನೆಯ ಪಂದ್ಯದ ದಿನ ಕರ್ಬಿಶ್ಲಿ ಹೋಗುತ್ತಾರೆ ಅಂತ ಪ್ರಕಟವಾಯಿತು. ಒಪ್ಪಂದದಲ್ಲಿ ಇನ್ನೊಂದು ವರ್ಷ ಬಾಕಿ ಇತ್ತು. ಅದನ್ನು ಮುಂದುವರಿಸಲು ಅವರು ಒಪ್ಪಲಿಲ್ಲ. ಇಂಗ್ಲೆಂಡ್ ತಂಡದ ಹುದ್ದೆಗೂ ಆ ವಸಂತದಲ್ಲೇ ಅವರ ಸಂದರ್ಶನ ನಡೆದಿತ್ತು. ಹಾಗಾಗಿ ಇದು ವಜಾ ಅಲ್ಲ, ಇಬ್ಬರೂ ಒಪ್ಪಿ ಬೇರೆಯಾದದ್ದು. ನಮ್ಮ ಗುಂಪಿನಲ್ಲಿ ಹೈಸ್ಕೂಲ್ ಮೈದಾನದ ಅಂಚಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಈ ಮಾತು ಬಂದಾಗ ಒಬ್ಬ ಗೆಳೆಯ "ಅಲ್ಲಲೇ, ಅಧ್ಯಕ್ಷರು ಗಟ್ಟಿಯಾಗಿ ಹಿಡ್ಕೊಂಡಿದ್ರೆ ಅವ್ರು ಎಲ್ಲಿಗೆ ಹೋಗ್ತಿದ್ರು?" ಅಂದ. ಒಳ್ಳೆಯ ಪ್ರಶ್ನೆ. ಹಿಡಿದುಕೊಂಡಿದ್ದರೆ ಒಂದು ವರ್ಷದಲ್ಲಿ ಹೊರಡುವ ಮ್ಯಾನೇಜರ್ ಅಂತ ಎಲ್ಲ ಆಟಗಾರರಿಗೂ ಗೊತ್ತಿರುತ್ತಿತ್ತು. ಯಾರು ಹೊಸದಾಗಿ ಸಹಿ ಹಾಕುತ್ತಾರೆ? ಹೊಸ ಆಟಗಾರರನ್ನು ಯಾರ ಆಯ್ಕೆಯ ಮೇಲೆ ಕೊಳ್ಳುವುದು? ಹದಿನೈದು ವರ್ಷದ ನಂತರ, ಮರ್ಯಾದೆಯಿಂದ, ಸೀಸನ್ ಮುಗಿಯುವ ಹೊತ್ತಿಗೆ ಬೇರೆಯಾಗುವುದು ನನ್ನ ಪ್ರಕಾರ ತಪ್ಪು ತೀರ್ಮಾನ ಅಲ್ಲ. ಆ ದಿನ ಗೊತ್ತಿದ್ದಷ್ಟನ್ನು ಇಟ್ಟುಕೊಂಡು ನೋಡಿದರೆ ಸರಿಯೇ.

ಅಲ್ಲಿಂದ ಮುಂದಿನದು ಬೇರೆ ಕಥೆ. ಮೇ ತಿಂಗಳಲ್ಲಿ ಇಯಾನ್ ಡೌವಿ ಬಂದರು. ಅವರು ಪಕ್ಕದ ಬದ್ಧ ಎದುರಾಳಿ ಕ್ರಿಸ್ಟಲ್ ಪ್ಯಾಲೇಸ್ ಬಿಟ್ಟು ಬಂದವರು. ಪ್ಯಾಲೇಸ್ ಅಧ್ಯಕ್ಷ ಸೈಮನ್ ಜೋರ್ಡನ್ ಅವರ ಮೇಲೆ ಕೇಸ್ ಹಾಕಿದರು. ಕೋರ್ಟಿನ ನೋಟಿಸ್ ತಲುಪಿದ್ದು ಚಾರ್ಲ್ಟನ್ನಿನಲ್ಲಿ ಡೌವಿಯ ಪರಿಚಯದ ಪತ್ರಿಕಾಗೋಷ್ಠಿಯ ದಿನವೇ. ಹಾಸೆಲ್‌ಬೈಂಕ್, ಆಂಡಿ ರೀಡ್, ಡಿಯಾವಾರಾ, ಟ್ರವೊರೆ, ಫಾಯೆ ಹೀಗೆ ಹೊಸ ಆಟಗಾರರು ಬಂದರು. ಮೊದಲ ಪಂದ್ಯದಲ್ಲೇ ಟ್ರವೊರೆಗೆ ರೆಡ್ ಕಾರ್ಡ್, 3-1 ಸೋಲು. ನವೆಂಬರ್ 13ಕ್ಕೆ ಡೌವಿ ಹೊರಗೆ. ಮರುದಿನ ಅವರದೇ ತರಬೇತಿ ತಂಡದಲ್ಲಿದ್ದ ಲೆಸ್ ರೀಡ್ ಮ್ಯಾನೇಜರ್. ಡಿಸೆಂಬರ್ 19ರಂದು ಲೀಗ್ ಕಪ್ (ಬೇರೆಯದೇ ನಾಕೌಟ್ ಟೂರ್ನಿ) ಕ್ವಾರ್ಟರ್ ಫೈನಲ್‌ನಲ್ಲಿ, ಸ್ವಂತ ಮೈದಾನದಲ್ಲಿ, ನಾಲ್ಕನೇ ಹಂತದ ವೈಕೂಂಬ್ ತಂಡಕ್ಕೆ 1-0 ಸೋಲು. ಕ್ರಿಸ್‌ಮಸ್ ಹಿಂದಿನ ದಿನ ಲೆಸ್ ರೀಡ್ ಹೊರಗೆ, 41 ದಿನಕ್ಕೆ. ಅದೇ ದಿನ ಆಲನ್ ಪಾರ್ಡ್ಯೂ ಒಳಗೆ.

ಪಾರ್ಡ್ಯೂ ಎಲ್ಲಿಂದ ಬಂದರು ಗೊತ್ತಾ? ಎರಡು ವಾರದ ಹಿಂದೆ ವೆಸ್ಟ್ ಹ್ಯಾಮ್ ಅವರನ್ನು ತೆಗೆದಿತ್ತು. ಅವರ ಜಾಗಕ್ಕೆ ವೆಸ್ಟ್ ಹ್ಯಾಮ್ ಕರೆತಂದದ್ದು ನಮ್ಮ ಕರ್ಬಿಶ್ಲಿಯನ್ನೇ. ಏಳು ತಿಂಗಳು ಮನೆಯಲ್ಲಿದ್ದ ಹಳೇ ಮ್ಯಾನೇಜರ್ ಈಗ ಅದೇ ಲೀಗ್‌ನಲ್ಲಿ, ಅದೇ ತಳದ ಹೋರಾಟದಲ್ಲಿ, ಎದುರಿಗೆ ಬಂದು ನಿಂತರು.

ಅಂಕ ಬಿಡಿಸಿ ನೋಡೋಣ

ಈ ಭಾಗವನ್ನು ಪೆನ್ನು ಹಿಡಿದು ಓದಿ. ಇಡೀ ಸೀಸನ್‌ಗೆ ಚಾರ್ಲ್ಟನ್ ಗಳಿಸಿದ್ದು 34 ಅಂಕ, 19ನೇ ಸ್ಥಾನ. ಇಷ್ಟನ್ನೇ ನೋಡಿದರೆ 'ಕರ್ಬಿಶ್ಲಿ ಹೋದರು, ತಂಡ ಮುಳುಗಿತು' ಅಂತಲೇ ಅನಿಸುತ್ತದೆ. ಮೂವರು ಮ್ಯಾನೇಜರ್‌ಗಳಿಗೆ ಹಂಚಿ ನೋಡಿ (ಗೆಲುವಿಗೆ 3 ಅಂಕ, ಡ್ರಾಗೆ 1). ಡೌವಿ 12 ಲೀಗ್ ಪಂದ್ಯದಲ್ಲಿ 2 ಗೆಲುವು, 2 ಡ್ರಾ, ಅಂದರೆ 8 ಅಂಕ. ರೀಡ್ 7 ಪಂದ್ಯದಲ್ಲಿ 1 ಗೆಲುವು, 1 ಡ್ರಾ, 4 ಅಂಕ. ಪಾರ್ಡ್ಯೂ 19 ಪಂದ್ಯದಲ್ಲಿ 5 ಗೆಲುವು, 7 ಡ್ರಾ, 22 ಅಂಕ.

ಮೊದಲ ಅರ್ಧ 19 ಪಂದ್ಯಕ್ಕೆ 12. ಎರಡನೇ ಅರ್ಧ 19 ಪಂದ್ಯಕ್ಕೆ 22. ಪಾರ್ಡ್ಯೂ ಅವರ ವೇಗದಲ್ಲಿ ಪೂರ್ತಿ 38 ಪಂದ್ಯ ಆಡಿದ್ದರೆ 44 ಅಂಕ. ಕರ್ಬಿಶ್ಲಿ ತಮ್ಮ ಕೊನೆಯ ಸೀಸನ್‌ನಲ್ಲಿ ಗಳಿಸಿದ್ದು 47. ಆ ವರ್ಷ ಉಳಿದುಕೊಂಡವರಲ್ಲಿ ಕೊನೆಯವರಾದ ವಿಗನ್ ಬಳಿ ಇದ್ದದ್ದು 38. ಅಂದರೆ ತಂಡ ಅಷ್ಟೇನೂ ಕೆಟ್ಟಿರಲಿಲ್ಲ. ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸೀಸನ್ ಕೈಬಿಟ್ಟು ಹೋಗಿತ್ತು.

ಇಲ್ಲೊಂದು ಎಚ್ಚರ ಬೇಕು. ಮ್ಯಾನೇಜರ್ ಬದಲಾದ ಮೇಲೆ ಅಂಕ ಏರಿದರೆ ಅದು ಬದಲಾವಣೆಯ ಫಲವೇ ಅನ್ನುವ ಹಾಗಿಲ್ಲ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ ಡಚ್ ಲೀಗ್‌ನ 1986ರಿಂದ 2004ರವರೆಗಿನ ಲೆಕ್ಕ ತೆಗೆದು ನೋಡಿದರು. ಮ್ಯಾನೇಜರನ್ನು ತೆಗೆದ ತಂಡಗಳು ಚೇತರಿಸಿಕೊಂಡಿದ್ದವು, ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋತು, ತೆಗೆಯದೇ ತಾಳ್ಮೆಯಿಂದಿದ್ದ ತಂಡಗಳೂ ಹಾಗೇ ಚೇತರಿಸಿಕೊಂಡಿದ್ದವು. ತಂಡ ತನ್ನ ಸಹಜ ಮಟ್ಟಕ್ಕಿಂತ ಕೆಳಗೆ ಬಿದ್ದಾಗಲೇ ಮ್ಯಾನೇಜರ್ ಹೋಗುವುದು. ಅಲ್ಲಿಂದ ಮೇಲೇರುವ ಸಾಧ್ಯತೆಯೇ ಜಾಸ್ತಿ. ಪಾರ್ಡ್ಯೂ ಅವರ 22 ಅಂಕದಲ್ಲಿ ಎಷ್ಟು ಅವರದು, ಎಷ್ಟು ಈ ಸಹಜ ಏರಿಕೆ ಅಂತ ಬೇರ್ಪಡಿಸಲು ಒಂದೇ ಸೀಸನ್ ಸಾಲದು. ಅದೇ ತರ್ಕದಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಡೌವಿಯನ್ನೇ ಉಳಿಸಿಕೊಂಡಿದ್ದರೂ ತಂಡ ಸ್ವಲ್ಪ ಮೇಲೇರುತ್ತಿತ್ತಾ?

ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಅಧ್ಯಕ್ಷರ ದೊಡ್ಡ ತಪ್ಪು ನವೆಂಬರ್‌ನದು. ಮೇ ತಿಂಗಳಲ್ಲಿ ಯೋಚಿಸಿ ಆರಿಸಿದ ವ್ಯಕ್ತಿ, ಅವರ ಮಾತಿನ ಮೇಲೆ ಕೊಂಡ ಆಟಗಾರರು. ಹನ್ನೆರಡು ಪಂದ್ಯದಲ್ಲಿ ಅಂಕಪಟ್ಟಿ ಬಿಟ್ಟರೆ ಹೊಸದಾಗಿ ತಿಳಿದದ್ದೇನು? ಡೌವಿ ಅಷ್ಟು ಅಸಮರ್ಥರಾಗಿದ್ದರೆ ಮೇ ತಿಂಗಳ ಆಯ್ಕೆಯೇ ತಪ್ಪು. ಸಮರ್ಥರಾಗಿದ್ದರೆ ನವೆಂಬರ್‌ನ ವಜಾ ತಪ್ಪು. ವಜಾ ಮಾಡಲೇಬೇಕು ಅನಿಸಿದ್ದರೂ ಮುಂದಿನವರು ಯಾರು ಅನ್ನುವುದಕ್ಕೆ ಗಟ್ಟಿ ಉತ್ತರ ಇರಬೇಕಿತ್ತು. ಆರು ವಾರದೊಳಗೆ ಮತ್ತೆ ಬದಲಾಯಿಸಬೇಕಾಗಿ ಬಂದದ್ದೇ ಆ ಉತ್ತರ ಇರಲಿಲ್ಲ ಅನ್ನುವುದಕ್ಕೆ ಸಾಕ್ಷಿ. ಈ ಮಾತಿಗೆ ನಮ್ಮ ಗುಂಪಿನಲ್ಲೇ ವಿರೋಧ ಇದೆ. ಪಟ್ಟಿಯ ತಳದಲ್ಲಿದ್ದಾಗ ಕಾಯುವುದು ಅಂದರೆ ಹೇಳಿದಷ್ಟು ಸುಲಭವಲ್ಲ, ಕೆಳಗಿಳಿದರೆ ಟಿವಿ ಹಕ್ಕಿನ ದುಡ್ಡೇ ಹೋಗುತ್ತದೆ ಅನ್ನುತ್ತಾರೆ. ಆ ಒತ್ತಡ ನಿಜ. ಉತ್ತರದಲ್ಲಿ ಅದನ್ನೂ ಬರೆಯಿರಿ.

ಒಳಗಿನವರನ್ನೇ ಏರಿಸಿದ್ದು ತಪ್ಪು ಅಂತ ಮಾತ್ರ ಬರೆಯಬೇಡಿ. ನಮ್ಮ ಬೆಂಗಳೂರು ಎಫ್‌ಸಿಯನ್ನೇ ನೋಡಿ. 2018ರಲ್ಲಿ ಆಲ್ಬರ್ಟ್ ರೋಕಾ ಹೋದಾಗ ಅವರ ಸಹಾಯಕ ಕಾರ್ಲೆಸ್ ಕ್ವಾದ್ರಾತ್ ಅವರಿಗೆ ಹೊಣೆ ಕೊಟ್ಟರು. ಮುಂದಿನ ಸೀಸನ್‌ನಲ್ಲೇ, 2019ರ ಮಾರ್ಚ್‌ನಲ್ಲಿ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಟ್ರೋಫಿ ಬಂತು. ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಯಾರಿಗೆ ಮರೆಯುತ್ತೆ! ಅಲ್ಲಿ ಸೀಸನ್ ಮುಗಿದ ಮೇಲೆ, ಗೆಲ್ಲುತ್ತಿದ್ದ ತಂಡದಲ್ಲಿ, ಅದೇ ಆಟದ ಪದ್ಧತಿ ಮುಂದುವರಿಯಿತು. ರೀಡ್‌ಗೆ ಸಿಕ್ಕಿದ್ದು ನವೆಂಬರ್ ನಡುವೆ, ತಳದಲ್ಲಿದ್ದ ತಂಡ.

ವೆಸ್ಟ್ ಹ್ಯಾಮ್‌ನ ಪಾಠ

ಕರ್ಬಿಶ್ಲಿ ಪರ ವಾದಿಸುವವರ ಕೊನೆಯ ಅಸ್ತ್ರ ಇದು: ಅವರು ವೆಸ್ಟ್ ಹ್ಯಾಮನ್ನು ಉಳಿಸಿದರಲ್ಲ! ಹೌದು, ಕೊನೆಯ ಒಂಬತ್ತರಲ್ಲಿ ಏಳು ಗೆದ್ದು 41 ಅಂಕ, 15ನೇ ಸ್ಥಾನ. ಕೊನೆಯ ದಿನ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಅವರದೇ ಮೈದಾನದಲ್ಲಿ ಗೋಲು ಹೊಡೆದದ್ದು ಕಾರ್ಲೋಸ್ ಟೆವೆಜ್. ಆ ಟೆವೆಜ್ ಒಪ್ಪಂದದ ವಿಷಯದಲ್ಲಿ ನಿಯಮ ಮೀರಿದ್ದಕ್ಕೆ ಕ್ಲಬ್ಬಿಗೆ 55 ಲಕ್ಷ ಪೌಂಡ್ ದಂಡ ಬಿದ್ದಿತ್ತು. ಇನ್ನೊಂದು ವಿಷಯವನ್ನೂ ಅವರು ಹೇಳುವುದಿಲ್ಲ. 2007ರ ಫೆಬ್ರವರಿಯಲ್ಲಿ ಕರ್ಬಿಶ್ಲಿಯ ವೆಸ್ಟ್ ಹ್ಯಾಮ್ ವ್ಯಾಲಿಗೆ ಬಂದಾಗ ಪಾರ್ಡ್ಯೂ ಅವರ ಚಾರ್ಲ್ಟನ್ 4-0 ಗೆದ್ದಿತ್ತು.

ಓದುವವರಿಗೆ ಹೆಚ್ಚು ಉಪಯೋಗ ಅದರ ನಂತರದ ಘಟನೆ. 2008ರ ಸೆಪ್ಟೆಂಬರ್‌ನಲ್ಲಿ ಕರ್ಬಿಶ್ಲಿ ವೆಸ್ಟ್ ಹ್ಯಾಮ್ ಬಿಟ್ಟರು. ಆಂಟನ್ ಫರ್ಡಿನೆಂಡ್, ಜಾರ್ಜ್ ಮೆಕಾರ್ಟ್ನಿ ಇಬ್ಬರನ್ನೂ ಅವರ ಒಪ್ಪಿಗೆ ಇಲ್ಲದೆ ಮಾರಿದ್ದು ಕಾರಣ. ಆಟಗಾರರ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಅಂತ ಅವರ ಒಪ್ಪಂದದಲ್ಲಿ ಬರೆದಿತ್ತು. 2009ರಲ್ಲಿ ನ್ಯಾಯಮಂಡಳಿ ಅವರ ಪರ ತೀರ್ಪು ಕೊಟ್ಟಿತು. ರಾಜೀನಾಮೆ ಪತ್ರ ಕೊಟ್ಟಿದ್ದರೂ ಕ್ಲಬ್ಬೇ ಅವರನ್ನು ಹೊರಹಾಕಿದ ಹಾಗಾಯಿತು ಅನ್ನುವುದು ತೀರ್ಪಿನ ತಿರುಳು. ಆದ್ದರಿಂದ 'ಅವರೇ ಬಿಟ್ಟು ಹೋದರು' ಅನ್ನುವ ವಾಕ್ಯವನ್ನು ಎಲ್ಲೇ ಕಂಡರೂ ಒಪ್ಪಂದದಲ್ಲಿ ಏನಿತ್ತು ಅಂತ ಮೊದಲು ಕೇಳಿ. ನಂತರ ಕರ್ಬಿಶ್ಲಿ ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗಲಿಲ್ಲ.

ಮುಂದಿನ ಸಲ ಸೇರುವಷ್ಟರಲ್ಲಿ ಇದೇ ರೀತಿ ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ ಡರ್ಬಿ ಕೌಂಟಿಯ 1973ರ ಪ್ರಕರಣ ಬರೆದುಕೊಂಡು ಬನ್ನಿ. 1972ರಲ್ಲಿ ಲೀಗ್ ಗೆದ್ದುಕೊಟ್ಟ ಮ್ಯಾನೇಜರ್ ಬ್ರಯನ್ ಕ್ಲಫ್, ಅಧ್ಯಕ್ಷ ಸ್ಯಾಮ್ ಲಾಂಗ್ಸನ್ ಜೊತೆ ಜಟಾಪಟಿ ಬಿದ್ದು 1973ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಅವರು ಟಿವಿ, ಪತ್ರಿಕೆಗಳಲ್ಲಿ ಜಾಸ್ತಿ ಮಾತಾಡುತ್ತಾರೆ ಅನ್ನುವುದು ಅಧ್ಯಕ್ಷರ ದೂರು. ಅಭಿಮಾನಿಗಳು ಬೀದಿಗಿಳಿದರು, ಆಟಗಾರರು ದಂಗೆ ಎದ್ದರು. ಹಳೇ ಆಟಗಾರ ಡೇವ್ ಮೆಕೇ ಮ್ಯಾನೇಜರ್ ಆಗಿ ಬಂದು 1975ರಲ್ಲಿ ಮತ್ತೆ ಲೀಗ್ ಗೆದ್ದರು. ರಾಜೀನಾಮೆ, ಅದನ್ನು ಒಪ್ಪಿದ್ದು, ಮೆಕೇ ಅವರನ್ನು ಆರಿಸಿದ್ದು, ಈ ಮೂರಕ್ಕೂ ಬೇರೆ ಬೇರೆ ಪ್ಯಾರಾ ಇರಲಿ. ಕ್ಲಫ್ ಮುಂದೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಜೊತೆ 1979, 1980ರಲ್ಲಿ ಯುರೋಪಿಯನ್ ಕಪ್ ಗೆದ್ದದ್ದನ್ನು ಮಾತ್ರ ತೀರ್ಪಿನೊಳಗೆ ತರಬೇಡಿ. 1973ರ ಅಕ್ಟೋಬರ್‌ನಲ್ಲಿ ಲಾಂಗ್ಸನ್‌ಗೆ ಅದು ಗೊತ್ತಿರಲಿಲ್ಲ.