ಹುಟ್ಟು ಯಾರ ಕೈಯಲ್ಲಿ? ಊರಿನ ನೀರು ಊರಿನವರಿಂದ ದೂರವಾದ ಕತೆ

ದಸರಾ ವಸ್ತುಪ್ರದರ್ಶನಕ್ಕೆ ಹೋಗದ ಮೈಸೂರಿನವರು ಸಿಗುವುದು ಕಷ್ಟ. ಹಪ್ಪಳ ತಿಂದು, ಜೈಂಟ್ ವೀಲ್ ಹತ್ತಿ, ಕಾಲು ನೋಯುವಷ್ಟು ಸುತ್ತಿ ಬರುತ್ತೇವೆ. ಆ ಜಾಗದ ಹೆಸರು ದೊಡ್ಡಕೆರೆ ಮೈದಾನ. ಹೆಸರೇ ಹೇಳುತ್ತದೆ, ಅಲ್ವಾ? ನಾವು ಓಡಾಡುವುದು ಒಂದು ಕಾಲದ ಕೆರೆಯ ಅಂಗಳದ ಮೇಲೆ. ಜೆ.ಕೆ. ಮೈದಾನವೂ ಹಾಗೇ. ಅದು ಜೀವಣ್ಣರಾಯನ ಕಟ್ಟೆ. ನೀರು ಹೋಯಿತು, ಹೆಸರು ಎರಡಕ್ಷರಕ್ಕೆ ಇಳಿಯಿತು.

ಉಳಿದ ನೀರಿನ ಜೊತೆ ನಮ್ಮ ನಂಟು ಎಂಥದ್ದು? ಕುಕ್ಕರಹಳ್ಳಿ ಕೆರೆ ಸುತ್ತ ಬೆಳಿಗ್ಗೆ ವಾಕಿಂಗ್ ಮಾಡುತ್ತೇವೆ. ಕಾರಂಜಿ ಕೆರೆಯಲ್ಲಿ ಟಿಕೆಟ್ ತಗೊಂಡು ಸ್ವಲ್ಪ ಹೊತ್ತು ಬೋಟಿನಲ್ಲಿ ಕೂರುತ್ತೇವೆ. ರಂಗನತಿಟ್ಟಿನಲ್ಲಿ ಅರಣ್ಯ ಇಲಾಖೆಯ ದೋಣಿ ಹತ್ತಿ, ಬಂಡೆ ಮೇಲೆ ಮಲಗಿದ ಮೊಸಳೆಯ ಫೋಟೋ ತೆಗೆಯುತ್ತೇವೆ. ಹೆಚ್ಚುಕಮ್ಮಿ ಎಲ್ಲ ಕಡೆ ನಾವು ನೋಡುವವರು, ಇಲ್ಲವೇ ಕೂತು ಹೋಗುವವರು. ಹುಟ್ಟು ಹಿಡಿದು ನಾಲ್ಕು ಜನ ಒಟ್ಟಿಗೆ ದೋಣಿ ನಡೆಸುವುದನ್ನು ಕಲಿಯಬೇಕು ಅಂದರೆ ಸಾಮಾನ್ಯರು ಎಲ್ಲಿಗೆ ಹೋಗಬೇಕು? ಸುಮ್ಮನೆ ಹುಟ್ಟಿದ ಪ್ರಶ್ನೆಯಲ್ಲ ಇದು. ಇದಕ್ಕೆ ಬೇರೆ ಊರುಗಳು ಉತ್ತರ ಕಂಡುಕೊಂಡಿವೆ.

ನ್ಯೂಯಾರ್ಕನ್ನೇ ತೆಗೆದುಕೊಳ್ಳಿ. ಹಡ್ಸನ್ ನದಿಯ ದಡದಲ್ಲಿ ಪಿಯರ್ 40 ಅಂತ ಒಂದು ಹಳೆಯ ಹಡಗುಕಟ್ಟೆ ಇದೆ. ಅಲ್ಲಿನ ದೋಣಿಮನೆಯನ್ನು ನಡೆಸುವವರು ಸ್ವಯಂಸೇವಕರು. ಯಾರು ಬೇಕಾದರೂ ಬರಬಹುದು, ದುಡ್ಡು ಕೊಡಬೇಕಾಗಿಲ್ಲ. ಲೈಫ್ ಜಾಕೆಟ್ ಹಾಕಿಸಿ, ಉದ್ದನೆಯ ಮರದ ದೋಣಿಯಲ್ಲಿ ಕೂರಿಸುತ್ತಾರೆ. ನಾಲ್ಕು ಜನ, ಒಬ್ಬೊಬ್ಬರಿಗೆ ಒಂದೊಂದು ಹುಟ್ಟು. ದೋಣಿ ಹೋಗುವ ದಿಕ್ಕಿಗೆ ಅವರ ಬೆನ್ನು. ಎದುರಿನದು ಕಾಣುವುದು ಹಿಂದೆ ಚುಕ್ಕಾಣಿ ಹಿಡಿದು ಕೂತವರೊಬ್ಬರಿಗೇ. ಅವರು ಹೇಳಿದಾಗ ನಾಲ್ಕೂ ಹುಟ್ಟು ಒಟ್ಟಿಗೆ ನೀರಿಗೆ ಬೀಳಬೇಕು, ಒಟ್ಟಿಗೆ ಏಳಬೇಕು. ಒಬ್ಬರು ಅವಸರ ಮಾಡಿದರೆ ಹಿಂದಿನವರ ಹುಟ್ಟಿಗೆ ತಾಗುತ್ತದೆ. ಬ್ಯಾಂಕಿನವರು, ಅಡುಗೆಯವರು, ಕಾಲೇಜು ಹುಡುಗಿ ಯಾರೇ ಕೂತಿರಲಿ, ಒಂದೇ ತಾಳಕ್ಕೆ ಬರಲೇಬೇಕು.

ಆ ಊರಿಗೆ ಇದು ಹೊಸದಲ್ಲ. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ತುದಿಯಲ್ಲಿ ವೈಟ್‌ಹಾಲ್ ಅಂತ ಒಂದು ರಸ್ತೆ ಇದೆ. ಅದೇ ಹೆಸರಿನ ದೋಣಿಗಳು ಅಲ್ಲಿ ಜನರನ್ನೂ ಸಾಮಾನನ್ನೂ ದಡದಿಂದ ಹಡಗಿಗೆ ಸಾಗಿಸುತ್ತಿದ್ದವು. 1824ರ ಡಿಸೆಂಬರಿನಲ್ಲಿ ಅಮೆರಿಕನ್ ಸ್ಟಾರ್ ಅನ್ನುವ ಇಂಥ ಒಂದು ದೋಣಿ, ಬ್ರಿಟಿಷ್ ಯುದ್ಧನೌಕೆಯವರ ದೋಣಿಯನ್ನು ಪಂದ್ಯದಲ್ಲಿ ಸೋಲಿಸಿತು. ಮರುವರ್ಷ ಅದನ್ನು, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅವರ ಪರವಾಗಿ ಹೋರಾಡಿದ್ದ ಫ್ರೆಂಚ್ ಸೇನಾನಿ ಲಫಾಯೆಟ್ ಅವರಿಗೆ ಉಡುಗೊರೆ ಕೊಟ್ಟರು. ಅದು ಇವತ್ತಿಗೂ ಫ್ರಾನ್ಸಿನಲ್ಲಿದೆ. ಆಮೇಲೆ ಕಾಲ ಬದಲಾಯಿತು. ಕಂಟೇನರ್ ಹಡಗುಗಳು ಬಂದವು, ಬಂದರಿನ ಕೆಲಸ ನ್ಯೂಜೆರ್ಸಿ ಕಡೆಗೆ ಹೋಯಿತು. ಹಳೆಯ ಕಟ್ಟೆಗಳು ಪಾಳುಬಿದ್ದವು, ಬೇಲಿಗಳು ಎದ್ದವು. ನದಿಗೆ ಚರಂಡಿ ನೀರು. ದ್ವೀಪದಲ್ಲಿ ಹುಟ್ಟಿ ಬೆಳೆದ ಮಕ್ಕಳೇ ನೀರು ಮುಟ್ಟದೆ ದೊಡ್ಡವರಾದರು. 1972ರಲ್ಲಿ ನೀರನ್ನು ಶುದ್ಧವಾಗಿಡುವ ಕಾನೂನು ಬಂತು, ನದಿ ನಿಧಾನಕ್ಕೆ ಚೇತರಿಸಿಕೊಂಡಿತು. 1990ರ ದಶಕದಲ್ಲಿ ಕೆಲವರು ಸೇರಿ ಶಾಲಾ ಮಕ್ಕಳ ಜೊತೆ ಕೂತು ಮತ್ತೆ ವೈಟ್‌ಹಾಲ್ ದೋಣಿ ಕಟ್ಟತೊಡಗಿದರು. ಮಕ್ಕಳು ಕಟ್ಟಿದ ದೋಣಿ, ಮಕ್ಕಳೇ ನೀರಿಗಿಳಿಸಿದರು. ಕಟ್ಟಿದವರನ್ನು ದಡದಲ್ಲೇ ನಿಲ್ಲಿಸುವುದು ಯಾರಿಗೆ ತಾನೇ ಸಾಧ್ಯ?

ಸ್ಕಾಟ್ಲೆಂಡಿನಲ್ಲಿ ಇನ್ನೂ ಸುಲಭದ ದಾರಿ ಹಿಡಿದರು. 2009ರ ಹೊತ್ತಿಗೆ ಆನ್‌ಸ್ಟ್ರದರ್ ಊರಿನ ಮೀನುಗಾರಿಕೆ ವಸ್ತುಸಂಗ್ರಹಾಲಯದ ಕಡೆಯಿಂದ ಒಂದು ಯೋಜನೆ ಶುರುವಾಯಿತು. ಪ್ಲೈವುಡ್ ಹಲಗೆಗಳನ್ನು ಮೊದಲೇ ಕತ್ತರಿಸಿ ಕೊಡುತ್ತಾರೆ. ಊರಿನವರು ಸೇರಿ ಜೋಡಿಸಿಕೊಳ್ಳಬೇಕು. 22 ಅಡಿಯ ದೋಣಿ, ನಾಲ್ಕು ಹುಟ್ಟು. ಕೆಲವೇ ವರ್ಷಗಳಲ್ಲಿ ಕರಾವಳಿಯ ಊರೂರಿನಲ್ಲಿ ಇಂಥ ದೋಣಿಗಳು ಎದ್ದವು.

ಈ ಕತೆಗೆ ಇನ್ನೊಂದು ಮುಖವೂ ಇದೆ. ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವುದು, ಯಾವಾಗಲೂ ಎಲ್ಲರ ಆಟವಾಗಿರಲಿಲ್ಲ. ಇಂಗ್ಲೆಂಡಿನ ಹೆನ್ಲಿ ಪಂದ್ಯಗಳು ಶುರುವಾದದ್ದು 1839ರಲ್ಲಿ. 1879ರಲ್ಲಿ ಅಲ್ಲಿ ಒಂದು ನಿಯಮ ಬಂತು. ಕೂಲಿಗಾಗಿ ದುಡಿಯುವ ಕುಶಲಕರ್ಮಿ, ಕಾರ್ಮಿಕ ಯಾರೂ ಹವ್ಯಾಸಿ ರೋಯರ್ ಅಲ್ಲ ಅಂತ! ಅಂದರೆ ಹೊಟ್ಟೆಪಾಡಿಗೆ ದಿನವಿಡೀ ಹುಟ್ಟು ಹಾಕಿದವನಿಗೇ ಅಲ್ಲಿ ಜಾಗವಿಲ್ಲ. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯನ್ನು ಹೆನ್ಲಿಗೆ ಸೇರಿಸಲಿಲ್ಲ. ಅವರು ಇಟ್ಟಿಗೆ ಕೆಲಸ ಮಾಡಿ ಬಂದವರು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದರು. ಆ ನಿಯಮ ಹೋಗಿದ್ದು 1937ರಲ್ಲಿ. ಓದಿದಾಗ ನನಗೆ ಹೊಟ್ಟೆ ಉರಿದಿತ್ತು.

ನಮ್ಮ ದೇಶಕ್ಕೆ ರೋಯಿಂಗ್ ಬಂದದ್ದು ಇದೇ ಗಾಳಿಯಲ್ಲಿ. ಕಲ್ಕತ್ತಾದಲ್ಲಿ 1858ರಲ್ಲಿ, ಮದ್ರಾಸಿನಲ್ಲಿ 1867ರಲ್ಲಿ ಕ್ಲಬ್‌ಗಳು ಎದ್ದವು. ಮೆಂಬರ್ ಆದವರಿಗೆ ಮಾತ್ರ ನೀರು. ಸ್ವಾತಂತ್ರ್ಯದ ನಂತರ ಈ ಆಟವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದು ಸೇನೆ. 2010ರ ಏಷ್ಯನ್ ಗೇಮ್ಸ್‌ನಲ್ಲಿ ರೋಯಿಂಗ್‌ನ ಮೊದಲ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಕೂಡ ಸೇನೆಯವರೇ. ಕ್ಲಬ್ಬಿಗೂ ಸೇನೆಗೂ ಸೇರದ ಊರಿನ ಹುಡುಗ ಹುಡುಗಿಯರಿಗೆ ಬಾಗಿಲು ಎಲ್ಲಿದೆ?

ಹಾಗಂತ ನಮಗೆ ದೋಣಿ ಗೊತ್ತಿಲ್ಲ ಅಂತಲ್ಲ. ಕಾವೇರಿಯ ತೆಪ್ಪ ಇದೆಯಲ್ಲ! ಪುಸ್ತಕದಲ್ಲಿ ಹರಿಗೋಲು ಅನ್ನುತ್ತಾರೆ. ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಸುಮಾರು 500 ವರ್ಷದ ಹಿಂದೆಯೇ ಬುಟ್ಟಿಯ ಹಾಗೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳ ಬಗ್ಗೆ ಬರೆದಿದ್ದಾನೆ. ನಮ್ಮ ಕಡೆಯೂ ಹೊಳೆ ದಾಟಲು ತೆಪ್ಪವೇ ಗತಿಯಾಗಿತ್ತು. ಸೇತುವೆಗಳು ಒಂದೊಂದಾಗಿ ಬಂದವು. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಮುಗಿಯಿತು. ಆಮೇಲೆ ಇನ್ನಷ್ಟು. ಸೇತುವೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಬಿಗನಿಗೆ ಉಳಿದಿದ್ದು ಮೀನು, ಟೂರಿಸ್ಟು.

ಹೋದ ಚಳಿಗಾಲದಲ್ಲಿ ಸಂಗಮಕ್ಕೆ ಹೋಗಿದ್ದೆ. ವಾರದ ನಡುವಿನ ದಿನ, ಜನ ಇರಲಿಲ್ಲ. ವಯಸ್ಸಾದ ಅಂಬಿಗರೊಬ್ಬರು ತೆಪ್ಪವನ್ನು ಮಗುಚಿ ಹಾಕಿ ತಳ ನೋಡುತ್ತಿದ್ದರು. ಬಿದಿರಿನ ದಬ್ಬೆಗಳನ್ನು ಒಂದರ ಮೇಲೊಂದು ಹಾಯಿಸಿ ಹೆಣೆದಿದ್ದರು. ತೊಗಲಿನ ಕಾಲ ಹೋಗಿದೆ. ಪ್ಲಾಸ್ಟಿಕ್ ಚೀಲದ ಹೊದಿಕೆ, ಅದರ ಮೇಲೆ ಟಾರು. ಬಿಸಿಲಿಗೆ ಟಾರು ಬಿರುಕು ಬಿಟ್ಟ ಕಡೆ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಕೂರಿಸುತ್ತಿದ್ದರು. ‘ಅಣ್ಣಾ, ಹುಟ್ಟು ಒಂದ್ಸಲ ನನಗೆ ಕೊಡ್ತೀರಾ?’ ಅಂದೆ. ದಡದ ಪಕ್ಕದಲ್ಲೇ ಇಳಿಸಿ, ಲೈಫ್ ಜಾಕೆಟ್ ಹಾಕಿಸಿ ಕೊಟ್ಟರು. ನಾಲ್ಕು ಸಲ ಎಳೆದೆ. ತೆಪ್ಪ ಇದ್ದಲ್ಲೇ ಬುಗುರಿಯ ಹಾಗೆ ತಿರುಗಿತು.

‘ಪಕ್ಕದಲ್ಲಿ ಹಾಕ್ಬೇಡಿ ಸಾ. ಮುಂದುಕ್ಕೆ ಹಾಕಿ, ನೀರ ನಿಮ್ಮ ಕಡೀಕ್ ಎಳ್ಕಳಿ.’

ಅದೇ ಗುಟ್ಟು. ದುಂಡಗಿನ ದೋಣಿಗೆ ಮುಂದು ಹಿಂದು ಇಲ್ಲ. ಹುಟ್ಟು ಎಲ್ಲಿ ಬೀಳುತ್ತದೋ ಅದೇ ಅದರ ಮುಂದು. ಮುಂಗೈಯನ್ನು ಅತ್ತಿತ್ತ ಹೊರಳಿಸುತ್ತಾ ಎಳೆಯಬೇಕು. ಅರ್ಧ ಗಂಟೆಯಲ್ಲಿ ಒಂದಷ್ಟು ದೂರ ನೆಟ್ಟಗೆ ಹೋದೆ. ತೋಳು ಸೋತಿತ್ತು, ಮನಸ್ಸು ತುಂಬಿತ್ತು.

ಹೊಳೆಗೆ ಹೆದರಲೇಬೇಕು, ಅದನ್ನೂ ಹೇಳಿಬಿಡುತ್ತೇನೆ. ಕನ್ನಂಬಾಡಿ ಕಟ್ಟೆಯಲ್ಲಿ (ಕೆ.ಆರ್.ಎಸ್. ಅಣೆಕಟ್ಟು) 124.80 ಅಡಿ ತುಂಬಿ ನೀರು ಬಿಟ್ಟಾಗ ರಂಗನತಿಟ್ಟಿನ ದೋಣಿಗಳೂ ನಿಲ್ಲುತ್ತವೆ. ಬಲಮುರಿ, ಎಡಮುರಿಯಲ್ಲಿ ಮುಳುಗಿದವರ ಸುದ್ದಿ ಓದುತ್ತಲೇ ಇರುತ್ತೇವೆ. ಹಾಗಾಗಿ ಕಲಿಯುವ ಜಾಗ ಹರಿಯುವ ನೀರಲ್ಲ, ನಿಂತ ನೀರು. ಕುಕ್ಕರಹಳ್ಳಿ ಬೇಡವೇ ಬೇಡ. ಅದು ಹೆಜ್ಜಾರ್ಲೆಗಳ ಮನೆ, ಅಲ್ಲಿ ಹುಟ್ಟಿನ ಸದ್ದೂ ಜಾಸ್ತಿಯೇ. ತಿ. ನರಸೀಪುರ ರಸ್ತೆಯ ವರುಣಾ ಕೆರೆ ನನಗೆ ಸರಿ ಅನ್ನಿಸುತ್ತದೆ. ಅಲ್ಲಿ ಜಲಕ್ರೀಡೆಗಳು ಮೊದಲೇ ನಡೆದಿವೆ. ದೋಣಿಗೆ ಮರಗೆಲಸದವರು ಬೇಕು. ಬೀಟೆಯಲ್ಲಿ ಕೂದಲೆಳೆಯಷ್ಟು ಸಂದಿಗೂ ಕುಂದಣ ಕೂರಿಸುವ ಕೈಗಳು ಇರುವ ಊರು ಇದು. ಪ್ಲೈವುಡ್ ಹಲಗೆ ಜೋಡಿಸಲು ಬೇರೆಲ್ಲಿ ಹುಡುಕಬೇಕು? ಕಲಿಸುವ ಅಂಬಿಗರಿಗೆ ಮಾತ್ರ ದಿನದ ದುಡ್ಡು ಕೊಡಲೇಬೇಕು. ಬಿಟ್ಟಿ ಸೇವೆ ಮಾಡುವುದು ಸಂಬಳ ಇರುವ ನಮ್ಮಂಥವರು. ಹೊಳೆಯನ್ನೇ ನಂಬಿ ಬದುಕುವವರನ್ನು ಬಿಟ್ಟಿ ದುಡಿಸಿದರೆ ಹೆನ್ಲಿಯವರಿಗೂ ನಮಗೂ ಏನು ವ್ಯತ್ಯಾಸ?

ಪಿಯರ್ 40ರ ಕತೆಯನ್ನು ಆ ಅಂಬಿಗರಿಗೂ ಹೇಳಿದೆ. ಕಾಸು ತಗೊಳ್ಳದೆ ಕಲಿಸುತ್ತಾರೆ ಅಂದರೆ ಅವರು ನಂಬಲಿಲ್ಲ. ತಮ್ಮ ಮಕ್ಕಳಿಬ್ಬರೂ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಹುಟ್ಟು ಮುಟ್ಟಲ್ಲ ಅಂದರು. ದಿನಗೂಲಿ ಕೊಟ್ಟರೆ ಊರಿನ ಮಕ್ಕಳಿಗೆ ಕಲಿಸುತ್ತೀರಾ ಅಂತ ಕೇಳಿದೆ. ತೆಪ್ಪವನ್ನು ದಡಕ್ಕೆ ಎಳೆದು, ಮತ್ತೆ ಮಗುಚಿ ಹಾಕಿ, ಸ್ವಲ್ಪ ಹೊತ್ತು ಯೋಚಿಸಿದರು.

‘ಕಲುಸ್ತೀನಿ ಸಾ. ಭಾನ್ವಾರ ಒಂದ್ ಬುಟ್ಟು. ಅವತ್ತು ಜನ ಬತ್ತಾರೆ.’