ಒಂದೇ ಒಂದು ಎಲೆಕ್ಟ್ರಾನನ್ನು ದಾಟಿಸುವ ಕೆಲಸ

ಅಡಿಕೆ ಕೊಯ್ಲಿನ ಹೊತ್ತಿಗೆ ರಜೆ ಹಾಕಿ ಶಿರಸಿಯ ಮನೆಗೆ ಹೋದಾಗಲೆಲ್ಲ ಆಯಿಯ ಪ್ರಶ್ನೆ ಒಂದೇ: “ಇಡೀ ದಿನ ಲ್ಯಾಬಿನಲ್ಲಿ ಏನು ಮಾಡುತ್ತೀಯೋ?” ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ಎಲೆಕ್ಟ್ರಾನನ್ನು ಒಂದು ಕುಳಿಯಿಂದ ಪಕ್ಕದ ಕುಳಿಗೆ ದಾಟಿಸುತ್ತೇನೆ. “ಒಂದನ್ನೇ?” ಒಂದನ್ನೇ. “ಅದಕ್ಕೂ ಸಂಬಳ ಕೊಡುತ್ತಾರೆಯೇ!” ಎಂದು ಮೆಟ್ಟುಗತ್ತಿಯ ಕಡೆಗೆ ತಿರುಗಿದಳು. ಆ ಸಂಬಳದ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತೇನೆ.

ಕ್ವಾಂಟಮ್ ಕಂಪ್ಯೂಟರಿನ ಕ್ಯೂಬಿಟ್ಟನ್ನು, ಅಂದರೆ ಅದರ ಮಾಹಿತಿಯ ಅತಿ ಚಿಕ್ಕ ಘಟಕವನ್ನು, ಹಲವು ಬಗೆಯಲ್ಲಿ ಮಾಡಬಹುದು. ನಮ್ಮದು ಸಿಲಿಕಾನ್ ಬಗೆ. ಎಲೆಕ್ಟ್ರಾನಿನ ಸ್ಪಿನ್ನನ್ನೇ, ಅಂದರೆ ಅದು ಪುಟ್ಟ ಅಯಸ್ಕಾಂತದಂತೆ ಮುಖ ಮಾಡುವ ದಿಕ್ಕನ್ನೇ, ಕ್ಯೂಬಿಟ್ ಮಾಡಬಹುದೆಂದು ಭೌತವಿಜ್ಞಾನಿಗಳಾದ ಡೇನಿಯಲ್ ಲಾಸ್ ಮತ್ತು ಡೇವಿಡ್ ಡಿವಿನ್ಸೆಂಜೊ 1998ರಲ್ಲಿ ಬರೆದರು. ಸಿಲಿಕಾನ್-ಜರ್ಮೇನಿಯಂ ಪದರಗಳ ನಡುವೆ ಹತ್ತು ನ್ಯಾನೊಮೀಟರಿನ ಆಸುಪಾಸಿನ ತೆಳು ಸಿಲಿಕಾನ್ ಪದರ, ಅದರ ಮೇಲೆ ಲೋಹದ ಪುಟ್ಟ ಪಟ್ಟಿಗಳು. ಇವಕ್ಕೆ ಗೇಟ್ ಎಂದು ಹೆಸರು. ಒಂದು ಗೇಟಿಗೆ ಧನ ವೋಲ್ಟೇಜ್ ಕೊಟ್ಟರೆ ಅದರ ಕೆಳಗೆ ಎಲೆಕ್ಟ್ರಾನ್ ಬಂದು ಕೂರುವಂಥ ಕುಳಿಯಾಗುತ್ತದೆ. ಅದೇ ಕ್ವಾಂಟಮ್ ಡಾಟ್. ಪಕ್ಕದ ಗೇಟು ನಡುವಿನ ಒಡ್ಡನ್ನು ಏರಿಸುತ್ತದೆ, ಇಳಿಸುತ್ತದೆ. ನಮ್ಮ ಕೈಯಲ್ಲಿರುವುದು ಬಹುಪಾಲು ಇಷ್ಟೇ: ವೋಲ್ಟೇಜ್.

ಸ್ಪಿನ್ನನ್ನು ತಿರುಗಿಸುವುದಕ್ಕೆ ಮೈಕ್ರೋವೇವ್ ಬೇಕು. ಅರ್ಧ ಟೆಸ್ಲಾ ಕಾಂತಕ್ಷೇತ್ರದಲ್ಲಿ ಸುಮಾರು 14 ಗಿಗಾಹರ್ಟ್ಸ್. ಚಿಪ್ಪಿನ ಮೇಲೊಂದು ಚಿಕ್ಕ ಅಯಸ್ಕಾಂತ ಕೂರಿಸಿ, ಎಲೆಕ್ಟ್ರಾನನ್ನು ಅದೇ ಲಯದಲ್ಲಿ ಅಲ್ಲಾಡಿಸಿದರೆ ಸ್ಪಿನ್ ಮಗುಚಿಕೊಳ್ಳುತ್ತದೆ. ಎರಡು ಕ್ಯೂಬಿಟ್ಟುಗಳ ನಡುವೆ ಲೆಕ್ಕ ನಡೆಯಬೇಕಾದರೆ ಮಧ್ಯದ ಒಡ್ಡನ್ನು ಕೆಲವು ನ್ಯಾನೊಸೆಕೆಂಡ್ ಇಳಿಸಬೇಕು. 2022ರ ಆರಂಭದಲ್ಲಿ ಮೂರು ತಂಡಗಳು ಸಿಲಿಕಾನ್‌ನಲ್ಲಿ ಎರಡು ಕ್ಯೂಬಿಟ್ಟುಗಳ ಕ್ರಿಯೆಯನ್ನು ಶೇಕಡಾ 99ಕ್ಕಿಂತ ಹೆಚ್ಚು ನಿಖರವಾಗಿ ಮಾಡಿ ತೋರಿಸಿದವು. ಅಲ್ಲಿಗೆ ಸಿಲಿಕಾನ್ ಆಟಕ್ಕಿಳಿಯಿತು.

ಆದರೆ ಒಡ್ಡು ಇಳಿಸಿ ಮಾತಾಡಿಸಲು ಇಬ್ಬರೂ ಒಂದೇ ಬೇಲಿಯ ಆಚೆ ಈಚೆ ಇರಬೇಕು. ಡಾಟುಗಳ ಅಂತರ ಸುಮಾರು 100 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿಗೆ ಹತ್ತು ಸಾವಿರ. ಇಷ್ಟು ಒತ್ತೊತ್ತಾಗಿ ಕೂರಿಸಬಹುದೆಂದು ಹೊಗಳುವವರು ಪ್ರತಿಯೊಂದಕ್ಕೂ ತಂತಿ ಎಳೆಯಬೇಕೆಂಬುದನ್ನು ಹೇಳುವುದಿಲ್ಲ. ಕುಳಿಗೊಂದು ಗೇಟು, ಒಡ್ಡಿಗೊಂದು ಗೇಟು, ಪ್ರತಿ ಗೇಟಿನ ತಂತಿಯೂ ಕೋಣೆಯಿಂದ ಪರಮ ಶೂನ್ಯಕ್ಕಿಂತ (ಸುಮಾರು -273 ಡಿಗ್ರಿ ಸೆಲ್ಸಿಯಸ್) ಒಂದು ಡಿಗ್ರಿಯ ನೂರರ ಕೆಲವು ಪಾಲಷ್ಟೇ ಮೇಲಿರುವ ಫ್ರಿಜ್ಜಿನ ತಳಕ್ಕೆ ಇಳಿಯಬೇಕು. ಪತ್ರಿಕೆಗಳಲ್ಲಿ ಕ್ಯೂಬಿಟ್ ಎಣಿಕೆಯ ಸುದ್ದಿ ಕಂಡಾಗ ನನಗೆ ಕಿರಿಕಿರಿ. ಎಷ್ಟು ಕ್ಯೂಬಿಟ್ ಎಂದಲ್ಲ, ಎಷ್ಟು ತಂತಿ ಎಂದು ಕೇಳಬೇಕು. ಡಾಟುಗಳನ್ನು ಚಿಕ್ಕ ಗುಂಪುಗಳಾಗಿ ದೂರ ದೂರ ಇಟ್ಟು ನಡುವಿನ ಜಾಗದಲ್ಲಿ ತಂತಿಗಳಿಗೆ ದಾರಿ ಬಿಡುವುದೊಂದು ಉಪಾಯ. ಹಾಗೆ ಮಾಡಿದರೆ ಒಂದು ಗುಂಪಿನ ಎಲೆಕ್ಟ್ರಾನ್ ಇನ್ನೊಂದು ಗುಂಪಿಗೆ ನಡೆದೇ ಹೋಗಬೇಕು, ತನ್ನ ಸ್ಪಿನ್ನನ್ನು ಚೆಲ್ಲದೆ.

ಹೀಗೆ ನಡೆಸಲು ಎರಡು ವಿಧಾನಗಳಿವೆ. ಮೊದಲನೆಯದನ್ನು ನಮ್ಮ ತೋಟದ ಕೊನೆಗೌಡ ನನಗಿಂತ ಚೆನ್ನಾಗಿ ಬಲ್ಲ. ಒಂದು ಮರದ ಕೊನೆ ಕೊಯ್ದ ಮೇಲೆ ಅವನು ನೆಲಕ್ಕಿಳಿಯುವುದಿಲ್ಲ. ಮರವನ್ನು ತೂಗಿ ತೂಗಿ ಪಕ್ಕದ ಮರ ಕೈಗೆಟುಕುವಷ್ಟು ಬಾಗಿಸಿ, ಅದನ್ನು ಹಿಡಿದು ದಾಟುತ್ತಾನೆ. “ಅವಸರ ಮಾಡಿದರೆ ಕೈ ತಪ್ಪುತ್ತದೆ ತಮ್ಮಾ, ತಡ ಮಾಡಿದರೆ ಮರ ಹಿಂದಕ್ಕೆ ಹೋಗುತ್ತದೆ” ಎಂದ ಒಮ್ಮೆ. ನಾವೂ ಅಷ್ಟೇ: ಒಂದು ಕುಳಿಯನ್ನು ಮೇಲೆತ್ತುತ್ತ, ಪಕ್ಕದ್ದನ್ನು ಇಳಿಸುತ್ತ ಎರಡೂ ಸಮಮಟ್ಟಕ್ಕೆ ಬರುವಂತೆ ಮಾಡುತ್ತೇವೆ. ಅವಸರ ಮಾಡಿದರೆ ಎಲೆಕ್ಟ್ರಾನ್ ಹಳೆಯ ಕುಳಿಯಲ್ಲೇ ಉಳಿಯುತ್ತದೆ. ನಿಧಾನಿಸಿದರೆ ಸ್ಪಿನ್ ತನ್ನ ಲಯ ಮರೆಯುತ್ತದೆ. ವ್ಯತ್ಯಾಸ ಒಂದೇ. ದಾಟುವ ಗಳಿಗೆಯಲ್ಲಿ ಕೊನೆಗೌಡನ ಒಂದು ಕೈ ಅಲ್ಲಿ, ಒಂದು ಕೈ ಇಲ್ಲಿ. ಎಲೆಕ್ಟ್ರಾನಾದರೋ ಇಡಿಯಾಗಿ ಎರಡೂ ಮರಗಳಲ್ಲಿರುತ್ತದೆ. ಈ ವಿಧಾನದ ಕಷ್ಟವೆಂದರೆ ಪ್ರತಿ ಜೋಡಿ ಮರಕ್ಕೂ ಬೇರೆ ಬೇರೆ ಹದ. ನೂರು ಜಿಗಿತಕ್ಕೆ ನೂರು ಸಲ ವೋಲ್ಟೇಜ್ ಹೊಂದಿಸಬೇಕು.

ಎರಡನೆಯದು ತದಡಿಯಲ್ಲಿ ಅಘನಾಶಿನಿ ದಾಟಿಸುವ ದೋಣಿಯಂತೆ. ನೀವು ಕುಳಿತಿರುತ್ತೀರಿ, ಕುಳಿತ ಜಾಗವೇ ಸಾಗುತ್ತದೆ. ಸಾಲಾಗಿ ಜೋಡಿಸಿದ ಗೇಟುಗಳಲ್ಲಿ ಪ್ರತಿ ನಾಲ್ಕನೆಯದನ್ನು ಒಂದೇ ತಂತಿಗೆ ಬೆಸೆದು, ನಾಲ್ಕು ತಂತಿಗಳಿಗೆ ಕಾಲು ಸುತ್ತು ಕಾಲು ಸುತ್ತು ಹಿಂದುಮುಂದಾದ ಅಲೆಗಳನ್ನು ಕೊಟ್ಟರೆ ಕುಳಿಯೇ ಎಲೆಕ್ಟ್ರಾನನ್ನು ಹೊತ್ತು ತೆವಳುತ್ತದೆ. ದಾರಿ ಎಷ್ಟೇ ಉದ್ದವಾದರೂ ಸಾಗಿಸಲು ನಾಲ್ಕೇ ಸಂಕೇತ ಸಾಕು. ನನ್ನ ಕಣ್ಣಿಗೆ ಈ ರಂಗದ ಅತಿ ಚೆಂದದ ಉಪಾಯ ಇದು. ಜರ್ಮನಿಯ ಯೂಲಿಷ್-ಆಖನ್ ತಂಡ ಇದನ್ನು ಕೆಲಸಕ್ಕಿಳಿಸಿ ತೋರಿಸಿತು.

ನಾನು ಮೊದಲ ಬಾರಿ ಇದನ್ನು ಪ್ರಯತ್ನಿಸಿದಾಗ ಎರಡು ದಿನ ಎಲೆಕ್ಟ್ರಾನ್ ಆಚೆ ತುದಿಗೆ ಬರಲೇ ಇಲ್ಲ. ಆ ತುದಿಯಲ್ಲಿ ಒಂದು ಸಂವೇದಕವಿದೆ. ಪಕ್ಕದಲ್ಲಿ ಒಂದು ಎಲೆಕ್ಟ್ರಾನ್ ಬಂದು ಕುಳಿತರೂ ಅದರಲ್ಲಿ ಹರಿಯುವ ವಿದ್ಯುತ್ತು ಮೆಟ್ಟಿಲಿನಂತೆ ಜಿಗಿಯುತ್ತದೆ. ಪರದೆಯ ಮೇಲಿನ ಗೆರೆ ಹಲಗೆಯಂತೆ ಮಲಗಿತ್ತು. ಫ್ರಿಜ್ಜನ್ನು ಬೈದೆ, ಚಿಪ್ ತಯಾರಿಸಿದವರನ್ನು ಬೈದೆ. ಮೂರನೆಯ ದಿನ ನೋಡಿದರೆ ಎರಡನೆಯ ಮತ್ತು ನಾಲ್ಕನೆಯ ಕೇಬಲ್ ಅದಲುಬದಲಾಗಿವೆ, ಚುಚ್ಚಿದವನು ನಾನೇ. ಹಾಗಾದಾಗ ಅಲೆ ಹಿಂದಕ್ಕೆ ಹರಿಯುತ್ತದೆ. ಪಾಪದ ಎಲೆಕ್ಟ್ರಾನ್ ಹೇಳಿದ ಮಾತನ್ನು ತಪ್ಪದೆ ಕೇಳಿ ಎರಡು ದಿನ ಹಿಮ್ಮುಖವಾಗಿ ಹೋಗುತ್ತಿತ್ತು. ಕೇಬಲ್ ಬದಲಿಸಿದೆ, ಗೆರೆ ಮೆಟ್ಟಿಲೇರಿತು.

ನೆದರ್ಲೆಂಡ್ಸಿನ ಡೆಲ್ಫ್ಟ್ ತಂಡ ಸಿಲಿಕಾನ್‌ನಲ್ಲಿ ಒಂದು ಸ್ಪಿನ್ನನ್ನು ಹೀಗೆ 10 ಮೈಕ್ರೊಮೀಟರ್ ದೂರ, 200 ನ್ಯಾನೊಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ, ಶೇಕಡಾ 99.5 ನಿಖರತೆಯಿಂದ ಸಾಗಿಸಿದೆ. ಲೆಕ್ಕ ಹಾಕಿದರೆ ಗಂಟೆಗೆ 180 ಕಿಲೋಮೀಟರಿಗೂ ಹೆಚ್ಚು, ಕಾರವಾರದ ಮೇಲೆ ಹಾದುಹೋಗುವ ಯಾವ ರೈಲಿಗಿಂತಲೂ ಜೋರು. ಆದರೆ ಆ ದೂರ ಒಂದೇ ನೇರ ದಾರಿಯದ್ದಲ್ಲ, ಗಿಡ್ಡ ದಾರಿಯಲ್ಲಿ ಹೋಗಿ ಬಂದು ಕೂಡಿಸಿದ್ದು. ಇನ್ನೂರರಲ್ಲೊಂದು ಪ್ರಯಾಣ ಕೆಡುವುದೂ ದೊಡ್ಡ ಲೆಕ್ಕಗಳಿಗೆ ಇನ್ನೂ ಹೆಚ್ಚೇ.

ಜರ್ಮೇನಿಯಂನಲ್ಲಿ ಕಥೆ ಇನ್ನೊಂದು ತಿರುವು ಪಡೆಯಿತು. ಅಲ್ಲಿ ಪ್ರತಿ ಡಾಟಿನಲ್ಲೂ ಸ್ಪಿನ್ ಸುತ್ತುವ ಅಕ್ಷ ಬೇರೆ. ಹಾಗಾಗಿ ಬರಿದೆ ಅಲ್ಲಿಗೆ ಜಿಗಿಸಿ, ತುಸು ಕಾಯಿಸಿ, ಮರಳಿ ಕರೆತಂದರೂ ಸ್ಪಿನ್ ಬೇಕಾದಷ್ಟು ತಿರುಗಿರುತ್ತದೆ. ಮೈಕ್ರೋವೇವ್ ಬೇಕಾಗಿಯೇ ಇಲ್ಲ. ಡೆಲ್ಫ್ಟ್‌ನವರೇ 2024ರಲ್ಲಿ ಈ ಬಗೆಯಲ್ಲಿ ಶೇಕಡಾ 99.97 ನಿಖರತೆ ಪಡೆದರು. ಸಾಗಾಟವೇ ನಿಯಂತ್ರಣವಾಯಿತು.

ಸಿಲಿಕಾನ್‌ನ ಸಂಕಟ ಬೇರೆ. ಅದರ ನೈಸರ್ಗಿಕ ರೂಪದಲ್ಲಿ ಶೇಕಡಾ 4.7ರಷ್ಟಿರುವ ಸಿಲಿಕಾನ್-29ರ ಪರಮಾಣು ಬೀಜಗಳು ಸ್ಪಿನ್ನನ್ನು ಕೆಣಕುತ್ತವೆ. ಶುದ್ಧೀಕರಿಸಿ ಅದನ್ನು ನೀಗಿಸಬಹುದು. ನೀಗದ್ದು ‘ವ್ಯಾಲಿ’ಯ ಕಾಟ. ಸಿಲಿಕಾನ್‌ನಲ್ಲಿ ಎಲೆಕ್ಟ್ರಾನಿಗೆ ಹೆಚ್ಚುಕಡಿಮೆ ಒಂದೇ ಶಕ್ತಿಯ ಎರಡು ತಳಸ್ಥಿತಿಗಳಿವೆ. ಅವುಗಳ ಅಂತರ ಜರ್ಮೇನಿಯಂ ಪರಮಾಣುಗಳು ಎಲ್ಲೆಲ್ಲಿ ಬಿದ್ದಿವೆ ಎಂಬುದರ ಮೇಲೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಂತರ ತೀರ ಕಿರಿದಾದ ಜಾಗದಲ್ಲಿ ಹಾಯುವಾಗ ಎಲೆಕ್ಟ್ರಾನ್ ಪಕ್ಕದ ಸ್ಥಿತಿಗೆ ಜಾರುತ್ತದೆ, ಸ್ಪಿನ್ನಿನ ಲಯ ತಪ್ಪುತ್ತದೆ. ಅಂಥ ಜಾಗಗಳನ್ನು ಮೊದಲೇ ಗುರುತಿಸಿ, ಅಕ್ಕಪಕ್ಕದ ಗೇಟುಗಳಿಂದ ದಾರಿಯನ್ನು ಚೂರು ಪಕ್ಕಕ್ಕೆ ಒತ್ತಿ ಸುತ್ತುಹಾಕಿಸುವ ಯೋಚನೆಯಿದೆ. ಅದಕ್ಕೆ ನಕ್ಷೆ ಬೇಕು. ಕೆಲವು ನ್ಯಾನೊಮೀಟರಿಗೊಮ್ಮೆ ಎಲೆಕ್ಟ್ರಾನನ್ನು ನಿಲ್ಲಿಸಿ, ಅಳೆದು, ಮತ್ತೆ ಮುಂದೆ ತಳ್ಳಬೇಕು. ಆಯಿ ಕೇಳಿದ ದಿನ ನಾನು ಅರ್ಧಕ್ಕೆ ಬಿಟ್ಟು ಬಂದಿದ್ದು ಅಂಥದ್ದೇ ಒಂದು ನಕ್ಷೆ. ಒಂದು ಸಾಲು ಬರೆಯಲು ಒಂದು ರಾತ್ರಿ ಹಿಡಿಯುತ್ತದೆ.