ಅಲುಗದ ತಾಳ, ಅಲೆಯುವ ಹಾಡು

ಕಾಸರಗೋಡಿನ ಕುಂಬಳೆ, ಮಧೂರು, ಎಡನೀರು ಸುತ್ತಿನ ತೆಂಕುತಿಟ್ಟಿನ ಯಕ್ಷಗಾನದ ಆಟಗಳಲ್ಲಿ ಒಮ್ಮೆ ಚಕ್ರತಾಳದ, ಅಂದರೆ ಲಯ ಹಿಡಿಯುವ ಲೋಹದ ಜೋಡಿ ತಟ್ಟೆಗಳ, ಕಡೆಗೆ ಕಿವಿ ಕೊಟ್ಟು ಕೂತುಕೊಳ್ಳಿ. ಭಾಗವತರು ಕರುಣರಸದ ಪದ್ಯವೊಂದನ್ನು ಎಳೆದು, ತಡೆದು, ಪೆಟ್ಟು ಬಿದ್ದ ಮೇಲೆ ತುಸು ಹೊತ್ತು ಬಿಟ್ಟು ಪದ ಎತ್ತುತ್ತಾರೆ. ಚಕ್ರತಾಳ ಮಾತ್ರ ಅತ್ತಿತ್ತ ಸರಿಯುವುದಿಲ್ಲ. ಭಾಗವತರು ಹಿಂದೆ ನಿಂತರು ಎಂಬುದು ನಮಗೆ ತಿಳಿಯುವುದೇ ಅದು ಸರಿಯದೆ ಇರುವುದರಿಂದ. ಹಾಡಿನ ಜೊತೆಗೆ ತಾಳವೂ ಜಗ್ಗಿಹೋದರೆ ಕೇಳುವವನಿಗೆ ಸಿಗುವುದು ನಿಧಾನವಾದ ಹಾಡು ಅಷ್ಟೆ, ಭಾವ ಅಲ್ಲ. ಕಾಲದೊಡನೆ ಆಡುವ ಆಟಕ್ಕೆ ಅಳತೆಗೋಲು ಬೇಕು. ಅದು ಹಾಡುವವನ ಒಳಗೂ ಇರಬೇಕು, ಕೇಳುವವನ ಒಳಗೂ ಇರಬೇಕು.

ಒಳಗಿನ ಈ ಅಳತೆಗೋಲನ್ನು ಅಳೆಯುವ ಉಪಾಯ ಹಳೆಯದು. ಇಟ್ಟ ವೇಗದಲ್ಲಿ ಸಮನಾಗಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಯಂತ್ರಕ್ಕೆ ಮೆಲ್ಜೆಲ್ ಪೇಟೆಂಟ್ ಪಡೆದದ್ದು 1815ರಲ್ಲಿ. 1886ರಲ್ಲಿ ಸ್ಟೀವನ್ಸ್ ಎಂಬವರು ಅದನ್ನು ಪ್ರಯೋಗಕ್ಕೆ ತಂದರು. ಸ್ವಲ್ಪ ಹೊತ್ತು ಮೆಟ್ರೊನೋಮ್ ಜೊತೆ ಬೆರಳು ತಟ್ಟಿಸಿ, ಆಮೇಲೆ ಅದನ್ನು ನಿಲ್ಲಿಸಿ, ಅದೇ ವೇಗದಲ್ಲಿ ತಟ್ಟುತ್ತಾ ಹೋಗಲು ಹೇಳಿದರು. ಸದ್ದು ನಿಂತ ಮೇಲೆ ಉಳಿಯುವುದೇ ತಟ್ಟುವವನ ಸ್ವಂತ ಲಯ. ಇಂದಿಗೂ ಸಂಶೋಧಕರು ಬಳಸುವುದು ಇದೇ ವಿಧಾನ.

1973ರಲ್ಲಿ ವಿಂಗ್ ಮತ್ತು ಕ್ರಿಸ್ಟೊಫರ್‌ಸನ್ ಈ ತಟ್ಟುವಿಕೆಯ ದೋಷವನ್ನು ಎರಡಾಗಿ ಬಿಡಿಸಿದರು. ಒಂದು, ಮಿದುಳಿನ ಗಡಿಯಾರದ ದೋಷ. ಇನ್ನೊಂದು, ಅದರ ಆಜ್ಞೆಯನ್ನು ನಡೆಸುವ ಕೈಯ ದೋಷ. ಗಡಿಯಾರ ಸರಿಯಾಗಿದ್ದು ಕೈ ಮಾತ್ರ ಒಂದು ಪೆಟ್ಟಿಗೆ 20 ಮಿಲಿಸೆಕೆಂಡ್ ತಡಮಾಡಿದರೆ ಅದರ ಹಿಂದಿನ ಅಂತರ 20 ಹಿಗ್ಗುತ್ತದೆ, ಮುಂದಿನ ಅಂತರ 20 ಕುಗ್ಗುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ. ಗಡಿಯಾರವೇ ತಪ್ಪಿದರೆ ಹೀಗೆ ಸರಿಹೋಗುವುದಿಲ್ಲ, ತಪ್ಪು ಕೂಡುತ್ತಾ ಹೋಗುತ್ತದೆ. ಕಲಿಯುವವರಿಗೆ ಇದರಿಂದ ನೇರ ಪ್ರಯೋಜನವಿದೆ. ತಾಳ ಹಾಕುವುದನ್ನು ಮೊಬೈಲಿನಲ್ಲಿ ಮುದ್ರಿಸಿ, ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತೆರೆದರೆ ಪ್ರತಿ ಪೆಟ್ಟೂ ಒಂದು ಮೊನೆಯಾಗಿ ಕಾಣುತ್ತದೆ. ಅಂತರಗಳು ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಬಂದರೆ ಕೈ ಪಳಗಬೇಕು. ಎಲ್ಲವೂ ಒಂದೇ ಕಡೆಗೆ ಕಿರಿದಾಗುತ್ತಾ ಬಂದರೆ ಕೈಯನ್ನು ದೂರಿ ಫಲವಿಲ್ಲ.

ಅಭ್ಯಾಸಕ್ಕೆ ಆದಿತಾಳ ಸಾಕು. ಮೆಟ್ರೊನೋಮನ್ನು ನಿಮಿಷಕ್ಕೆ 80ಕ್ಕೆ ಇಡಿ. ಒಂದು ಪೆಟ್ಟಿಗೆ 750 ಮಿಲಿಸೆಕೆಂಡ್, 8 ಅಕ್ಷರದ (ಪೆಟ್ಟಿನ) ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ, 6 ಸೆಕೆಂಡ್, 10 ಆವರ್ತಕ್ಕೆ ಸರಿಯಾಗಿ 1 ನಿಮಿಷ. 80ನ್ನೇ ಹಿಡಿಯಿರಿ ಎನ್ನುವುದು ಈ ಸುಲಭದ ಲೆಕ್ಕಕ್ಕಾಗಿ. ಕೈಯಲ್ಲಿ ಘಾತ (ಅಂಗೈಯ ತಟ್ಟು), ಕಿರುಬೆರಳು, ಉಂಗುರಬೆರಳು, ನಡುಬೆರಳು, ಈ ನಾಲ್ಕು ಸೇರಿ ಲಘು. ಆಮೇಲೆ ಎರಡು ದ್ರುತ, ಒಂದೊಂದರಲ್ಲೂ ಒಂದು ಘಾತ, ಒಂದು ಬೀಸು. ಬಾಯಲ್ಲಿ ಪೆಟ್ಟಿಗೊಂದು ‘ತಕ’. 10 ಆವರ್ತ ಆದ ಮೇಲೆ ಮೆಟ್ರೊನೋಮನ್ನು 40ಕ್ಕೆ ಇಳಿಸಿ, ಕೈಯ ವೇಗ ಮೊದಲಿನದೇ ಇರಲಿ. ಈಗ ಸದ್ದು ಒಂದು ಬಿಟ್ಟು ಒಂದು ಪೆಟ್ಟಿಗೆ ಬರುತ್ತದೆ. ಮುಂದೆ 20ಕ್ಕೆ ಇಳಿಸಿದರೆ ಲಘುವಿನ ಘಾತಕ್ಕೊಂದು, ಮೊದಲ ದ್ರುತದ ಘಾತಕ್ಕೊಂದು ಮಾತ್ರ. ನಡುವಿನ 3 ಸೆಕೆಂಡ್ ನಿಮ್ಮದೇ ಜವಾಬ್ದಾರಿ. ಲಯ ಬೆಳೆಯುವುದು ಈ ಖಾಲಿ ಜಾಗದಲ್ಲಿ. ಪ್ರತಿ ಪೆಟ್ಟಿಗೂ ಸದ್ದು ಇಟ್ಟುಕೊಂಡು ವರ್ಷಗಟ್ಟಲೆ ಸಾಧನೆ ಮಾಡಿದವರೂ ಅದಿಲ್ಲದೆ ತತ್ತರಿಸುವುದುಂಟು, ಏಕೆಂದರೆ ಅವರು ಕಲಿತದ್ದು ಹಿಂಬಾಲಿಸುವುದನ್ನು. ಕೊನೆಗೆ ಮೆಟ್ರೊನೋಮ್ ಪೂರ್ತಿ ಆರಿಸಿ, ಸ್ಟಾಪ್‌ವಾಚ್ ಒತ್ತಿ, ಅದನ್ನು ನೋಡದೆ 10 ಆವರ್ತ ಹಾಕಿ. 58 ಸೆಕೆಂಡಿಗೆ ಮುಗಿದರೆ ಸುಮಾರು ಶೇ. 3 ಓಡಿದ್ದೀರಿ ಎಂದರ್ಥ.

ಶೇ. 3 ದೊಡ್ಡದೋ ಸಣ್ಣದೋ? ಸಮವಾದ ಪೆಟ್ಟುಗಳ ಸಾಲಿನಲ್ಲಿ ಒಂದು ಪೆಟ್ಟು ಮಾತ್ರ ಜಾರಿದರೆ, ಪಳಗಿದ ಕಿವಿ ಅಂತರದ ಸುಮಾರು ಶೇ. 2.5ರಷ್ಟು ಜಾರುವಿಕೆಯನ್ನೂ ಹಿಡಿಯಬಲ್ಲದು. ನಿಧಾನವಾಗಿ ಹರಡಿಕೊಂಡ ಓಟವನ್ನು ಹಿಡಿಯುವುದು ಬಹಳ ಕಷ್ಟ. ಹಾಗಾಗಿಯೇ ಓಡುವವರಿಗೆ ತಾವು ಓಡುವುದು ತಿಳಿಯುವುದಿಲ್ಲ.

ವಿಳಂಬ (ನಿಧಾನ) ಕಾಲ ಸುಲಭ ಎಂಬ ನಂಬಿಕೆ ಹೊಸಬರಲ್ಲಿದೆ, ಸಂಗತಿ ತಿರುಗಾಮುರುಗಾ. ಅಂತರ ಹೆಚ್ಚಿದಷ್ಟೂ ತಪ್ಪಿನ ಗಾತ್ರವೂ ಹೆಚ್ಚುತ್ತದೆ. ಮನುಷ್ಯರಿಗೆ ಸಹಜವಾಗಿ ಒಗ್ಗುವುದು ನಿಮಿಷಕ್ಕೆ 100ರಿಂದ 120ರ ಆಸುಪಾಸು. ಎರಡು ಪೆಟ್ಟಿನ ನಡುವೆ 2 ಸೆಕೆಂಡಿನಷ್ಟು ದೂರವಾದರೆ ಅವು ಒಂದು ಲಯವಾಗಿ ಕೂಡಿಕೊಳ್ಳುವುದೇ ಇಲ್ಲ, ಬಿಡಿ ಸದ್ದುಗಳಾಗಿ ಉಳಿಯುತ್ತವೆ. ನಮ್ಮ ಸೊಲ್ಲುಗಳ ಜಾಣತನ ಇಲ್ಲಿದೆ. ನಿಮಿಷಕ್ಕೆ 40ರ ವಿಳಂಬದಲ್ಲಿ ಒಂದು ಪೆಟ್ಟು ಒಂದೂವರೆ ಸೆಕೆಂಡ್. ಅದರೊಳಗೆ ‘ತಕಧಿಮಿ’ ಹೇಳಿಕೊಂಡರೆ ಮಿದುಳು ಅಳೆಯಬೇಕಾದದ್ದು 375 ಮಿಲಿಸೆಕೆಂಡ್ ಮಾತ್ರ. ಆದರೆ ಕತ್ತರಿಸುತ್ತಲೇ ಹೋದರೆ ಲಾಭವಿಲ್ಲ. ತುಂಡು ಸುಮಾರು ಕಾಲು ಸೆಕೆಂಡಿಗಿಂತ ಕಿರಿದಾದಾಗ ನಾಲಿಗೆಯ ಓಟವೇ ಕೈಯನ್ನು ಎಳೆಯತೊಡಗುತ್ತದೆ.

ತಾಳ ಕೆಡುವ ಜಾಗಗಳು ಬಹುಮಟ್ಟಿಗೆ ಎಲ್ಲರಲ್ಲೂ ಒಂದೇ. ಒಂದನೇ ಕಾಲದಿಂದ ಅದರ ಇಮ್ಮಡಿ ವೇಗದ ಎರಡನೆಯದಕ್ಕೆ ಏರುವಾಗ ಕೈ ಮುಂದೋಡುತ್ತದೆ, ಮರಳಿ ಇಳಿಯುವಾಗ ಸೋಲುತ್ತದೆ. ಜೋರಾಗಿ ಬಾರಿಸುವಲ್ಲಿ ವೇಗ ಏರುತ್ತದೆ. ಕಷ್ಟದ ಸಂಗತಿ ಬಂದಾಗ ತಾಳ ಅದಕ್ಕಾಗಿ ಕಾಯುತ್ತದೆ, ಸುಲಭದ ಸಾಲಿನಲ್ಲಿ ಆ ಸಾಲವನ್ನು ಓಡಿ ತೀರಿಸುತ್ತದೆ. ಮಿಶ್ರಛಾಪು ತಾಳದ ಏಳರಲ್ಲಿ ಮೂರರ ಮೇಲೆ ನಾಲ್ಕು ಮುಗಿಸಿ ಮತ್ತೆ ಮೂರಕ್ಕೆ ಹೋಗುವಾಗ ಕೊನೆಯ ಅಕ್ಷರ ನುಂಗಿಹೋಗುತ್ತದೆ. ‘ತಕಿಟ ತಕಧಿಮಿ’ಯ ‘ಮಿ’ಯನ್ನು ಒತ್ತಿ ಹೇಳುವುದೇ ಅದಕ್ಕೆ ಮದ್ದು. ಮೆಟ್ರೊನೋಮಿಗೆ ಸರಿಯಾಗಿ ತಟ್ಟುತ್ತಿದ್ದೇನೆ ಎಂದುಕೊಂಡವರ ಪೆಟ್ಟು ಮುದ್ರಣದಲ್ಲಿ ನೋಡಿದರೆ ಹತ್ತಾರು ಮಿಲಿಸೆಕೆಂಡ್ ಮುಂಚೆಯೇ ಬಿದ್ದಿರುತ್ತದೆ. ಇದಕ್ಕೆ ಗಾಬರಿ ಬೇಡ. ಮುಂಚೆ ಬೀಳುವುದು ಸಾಮಾನ್ಯ, ತಜ್ಞರಲ್ಲಿ ಕಡಿಮೆ. ನೋಡಬೇಕಾದದ್ದು ಆ ಮುಂಚಿತನ ಒಂದೇ ಸಮ ಇದೆಯೇ ಎಂಬುದನ್ನು.

ಸ್ಥಿರತೆ ಎಂದರೆ ವೇಗ ಬದಲಾಗಲೇಬಾರದು ಎಂದಲ್ಲ. ಗಡಿನಾಡಿನವರಿಗೆ ಚೆಂಡೆಯ ಇನ್ನೊಂದು ಲೋಕವೂ ದೂರದ್ದಲ್ಲ. ಕೇರಳದ ಪಂಚಾರಿ ಮೇಳದಲ್ಲಿ ಆವರ್ತ 96 ಅಕ್ಷರದಿಂದ ಶುರುವಾಗಿ 48, 24, 12, 6 ಎಂದು ಐದು ಕಾಲಗಳಲ್ಲಿ ಅರ್ಧರ್ಧವಾಗುತ್ತದೆ, ವೇಗವೂ ಏರುತ್ತದೆ. ಆದರೆ ಅಷ್ಟೂ ಜನ ಒಟ್ಟಿಗೆ ಏರುತ್ತಾರೆ. ಯಕ್ಷಗಾನದ ಏರುಪದ್ಯದಲ್ಲಿ ಹಿಮ್ಮೇಳ ಬಿಸಿಯಾಗುವುದೂ ಹೀಗೆ ಒಪ್ಪಿಕೊಂಡ ಏರಿಕೆ. ಒಬ್ಬನ ಗಡಿಯಾರ ಸೋತು ಆದ ಓಟಕ್ಕೆ ಆ ಮರ್ಯಾದೆ ಸಲ್ಲದು.

ಊರಿನ ಗುರುಗಳು, ಗಲ್ಫಿನ ಶಿಷ್ಯರು ಎಂಬ ಆನ್‌ಲೈನ್ ಪಾಠಗಳಿಗೂ ಇದರಲ್ಲಿ ಒಂದು ಎಚ್ಚರಿಕೆ ಇದೆ. ಇಬ್ಬರು ಕೂಡಿ ನುಡಿಸಲು ನಡುವಿನ ತಡ ಸುಮಾರು 25-30 ಮಿಲಿಸೆಕೆಂಡಿನೊಳಗೆ ಇರಬೇಕು. ವಿಡಿಯೊ ಕರೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ತಡವಿರುತ್ತದೆ. ಇಬ್ಬರೂ ಒಟ್ಟಿಗೆ ತಾಳ ಹಾಕಿದರೆ ಗುರುಗಳು ಶಿಷ್ಯನಿಗಾಗಿ ಕಾಯುತ್ತಾರೆ, ಶಿಷ್ಯ ಕಾದ ಗುರುಗಳನ್ನು ಹಿಂಬಾಲಿಸುತ್ತಾನೆ, ಹಾಡು ಮುಳುಗುತ್ತದೆ. ಒಬ್ಬರು ಹೇಳಿ ಮುಗಿಸಿದ ಮೇಲೆ ಇನ್ನೊಬ್ಬರು ಸ್ವಂತ ತಾಳದಲ್ಲಿ ಒಪ್ಪಿಸುವುದೊಂದೇ ದಾರಿ.

ಇಷ್ಟು ಗಟ್ಟಿಯಾದ ಮೇಲೆ ಎಳೆದಾಟ. 3 ನಿಮಿಷದ ತಾಳವನ್ನು ಮೊದಲೇ ಮುದ್ರಿಸಿಕೊಳ್ಳಿ, ಅಥವಾ ಬೇರೆಯವರ ಕೈಗೆ ಕೊಡಿ. ಸ್ವಂತ ಕೈಯಾದರೆ ಅದು ಕಂಠದ ಜೊತೆ ಜಗ್ಗಿಬಿಡುತ್ತದೆ. ಗೊತ್ತಿರುವ ಒಂದು ಸಾಲನ್ನು ಕಾಲು ಅಕ್ಷರ ತಡವಾಗಿ ಎತ್ತಿ, ಮುಂದಿನ ಸಮಕ್ಕೆ (ಆವರ್ತದ ಮೊದಲ ಪೆಟ್ಟಿಗೆ) ಸರಿಯಾಗಿ ಬಂದು ನಿಲ್ಲಿ. ತಡವನ್ನು ಸಾಲಿನ ಕೊನೆಯಲ್ಲೂ ಇಟ್ಟು ನೋಡಿ. ಸಾಲಿನ ಕೊನೆ ಹಿಗ್ಗುವುದನ್ನು ಕಿವಿ ನಿರೀಕ್ಷಿಸಿಯೇ ಇರುತ್ತದೆ, ಅಲ್ಲಿ ಸಾಕಷ್ಟು ಎಳೆದರೂ ಎಳೆದಂತೆ ಅನಿಸುವುದಿಲ್ಲ. ಅಷ್ಟೇ ತಡ ಸಾಲಿನ ನಡುವೆ ಬಂದರೆ ಕೂಡಲೇ ಕುಟುಕುತ್ತದೆ. ಮೊದಲು ಕೊನೆಯ ತಡ, ಅದು ಕೈಸೇರಿದ ಮೇಲೆ ಎತ್ತುಗಡೆಯ ತಡ, ಕೊನೆಗೆ ನಡುವಿನದು ಎಂಬ ಕ್ರಮ ಒಳ್ಳೆಯದು. ಮುದ್ರಿಸಿ ನೋಡುವಾಗ ತಡದ ಗಾತ್ರಕ್ಕಿಂತ ಸಮದ ಪೆಟ್ಟನ್ನು ನೋಡಿ. ಮೂರು ಸಲ ಹಾಡಿದರೆ ಮೂರು ಸಲವೂ ತಡ ಬೇರೆಬೇರೆ ಇರಬಹುದು, ಸಮ ಮಾತ್ರ ಅದೇ ಮೊನೆಯ ಮೇಲೆ ಬೀಳಬೇಕು.